ಕಣ್ಣಿಗೆ ಕಾಣುವ ಕೆಲಸ: ಸನ್ನತಿಯ ಕಲ್ಲಿನಿಂದ ವಾಡಿಯ ಕೈಮರದವರೆಗೆ

ಕಂಪನಿಗಳ ತರಬೇತಿಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಒಂದು ಮಾತಿದೆ: 'ವಿಶುವಲ್ ಮ್ಯಾನೇಜ್‌ಮೆಂಟ್'. ಕನ್ನಡದಲ್ಲಿ 'ನೋಡಿ ತಿಳಿಯುವ ನಿರ್ವಹಣೆ' ಎನ್ನಬಹುದೇನೋ. ಹೆಸರು ದೊಡ್ಡದು, ವಿಷಯ ಸಣ್ಣದು. ಕೆಲಸ ನಡೆಯುವ ಜಾಗದಲ್ಲಿ ಯಾವುದು ಸರಿಯಾಗಿದೆ, ಯಾವುದು ಕೆಟ್ಟಿದೆ, ಮುಂದೇನು ಮಾಡಬೇಕು ಎಂಬುದು ಯಾರನ್ನೂ ಕೇಳದೆ, ಕಡತ ತೆಗೆಯದೆ, ಒಂದು ನೋಟಕ್ಕೇ ಗೊತ್ತಾಗಬೇಕು, ಅಷ್ಟೇ. ನೆಲದ ಮೇಲೆ ಎಳೆದ ಹಳದಿ ಗೆರೆ, ಗೋಡೆಗೆ ತೂಗುಹಾಕಿದ ಫಲಕ, ಯಂತ್ರದ ತಲೆಯ ಮೇಲಿನ ಕೆಂಪು-ಹಸಿರು ದೀಪ ಎಲ್ಲ ಇದರೊಳಗೇ ಬರುತ್ತವೆ.

ಇದನ್ನು ಪಾಠ ಹೇಳುವವರು ಸಾಮಾನ್ಯವಾಗಿ ಜಪಾನಿನಿಂದ ಶುರು ಮಾಡುತ್ತಾರೆ. ತಪ್ಪೇನಿಲ್ಲ. ಆದರೆ ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂಬ ಐದು ಊರುಗಳ ನಡುವೆ ಒಂದು ಸುತ್ತು ಹಾಕಿದರೆ ಈ ಕಥೆಯ ಬಹುಪಾಲು ಇಲ್ಲೇ ಸಿಗುತ್ತದೆ. ಕಲ್ಲು, ಸಿಮೆಂಟು, ರೈಲು... ಈ ಮೂರರ ಮೇಲೇ ನಿಂತ ಊರುಗಳಿವು. ಇಲ್ಲಿ ಒಂದು ಗುರುತು ತಪ್ಪಾದರೆ ಲೆಕ್ಕ ತಪ್ಪುವುದಷ್ಟೇ ಅಲ್ಲ, ಜೀವವೂ ಹೋಗುತ್ತದೆ. ಹಾಗಾಗಿ ಇತಿಹಾಸದಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ನೋಡುವಾಗ ಒಂದು ಪ್ರಶ್ನೆಯನ್ನು ಮಾತ್ರ ಜೊತೆಗಿಟ್ಟುಕೊಳ್ಳೋಣ: ಆ ಗುರುತು ಯಾರ ಕಣ್ಣಿಗಾಗಿ ಇದೆ?

ಕಲ್ಲಿನ ಮೇಲಿನ ಕಚೇರಿ ಆದೇಶ

ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಮೇಲೆ ಸನ್ನತಿ ಇದೆ. ಚಂದ್ರಲಾಂಬೆಯ ಗುಡಿಯಿಂದ ಪ್ರಸಿದ್ಧವಾದ ಊರು. 1986ರಲ್ಲಿ ಆ ಆವರಣದ ಕಾಳಿಯ ಗುಡಿಯ ಮಾಡು ಕುಸಿಯಿತು. ಆಮೇಲೆ ಜೀರ್ಣೋದ್ಧಾರದ ಹೊತ್ತಿನಲ್ಲಿ ನೋಡಿದರೆ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳಿದ್ದವು. ಅದು ಸಾಮ್ರಾಟ ಅಶೋಕನ ಶಾಸನ! ಎಷ್ಟೋ ಶತಮಾನ ಜನ ಕೈಮುಗಿದ ವಿಗ್ರಹದ ಬುಡದಲ್ಲೇ ಅದು ಮಲಗಿತ್ತು.

ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಮುಂದಿದೆ. ಆ ಕಲ್ಲಿನಲ್ಲಿ 12 ಮತ್ತು 14ನೆಯ ಬಂಡೆಶಾಸನಗಳ ಭಾಗಗಳಲ್ಲದೆ 'ಪ್ರತ್ಯೇಕ ಶಾಸನ'ಗಳೆಂದು ಕರೆಯುವ ಎರಡು ಶಾಸನಗಳ ಭಾಗಗಳೂ ಇವೆ. ಅದಕ್ಕೂ ಮೊದಲು ಈ ಎರಡು ಸಿಕ್ಕಿದ್ದು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ. ಇವುಗಳ ವಿಶೇಷವೆಂದರೆ, ಇವು ರಾಜ ತನ್ನ ಅಧಿಕಾರಿಗಳಿಗೆ ಕೊಟ್ಟ ಆದೇಶಗಳು. ಮೊದಲನೆಯದರ ಪೂರ್ಣ ಪಾಠ ಒಡಿಶಾದಲ್ಲಿ ಉಳಿದಿದೆ. ಅದರ ಸಾರ ಹೀಗಿದೆ: ನ್ಯಾಯ ನೋಡುವ ಅಧಿಕಾರಿಗಳು ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು, ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು ಇವೆಲ್ಲ ಕೆಲಸ ಕೆಡಿಸುತ್ತವೆ, ಇವುಗಳಿಂದ ದೂರ ಇರಬೇಕು. ಈ ಬರಹವನ್ನು ತಿಷ್ಯ ನಕ್ಷತ್ರದ ದಿನಗಳಂದು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ.

ಎಂಥ ಮಾತು ನೋಡಿ! ಆದೇಶ ಅಧಿಕಾರಿಯ ಪೆಟ್ಟಿಗೆಯಲ್ಲಿ ಗುಟ್ಟಾಗಿ ಇಲ್ಲ, ಬಯಲಿನ ಕಲ್ಲಿನ ಮೇಲಿದೆ. ಅಧಿಕಾರಿ ಹೇಗೆ ನಡೆದುಕೊಳ್ಳಬೇಕು ಎಂಬುದು ಅವನ ಕೈಕೆಳಗಿನವರಿಗೂ ಅವನ ಮುಂದೆ ಕೈಕಟ್ಟಿ ನಿಂತವರಿಗೂ ಗೊತ್ತಾಗಬಹುದಿತ್ತು. ಅಕ್ಷರ ಬಾರದವರಿಗೆ ಓದಿ ಹೇಳುವ ಏರ್ಪಾಡೂ ಇತ್ತು. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಚಿತ್ತಾಪುರದ ಮಣ್ಣಿನಲ್ಲಿ ನೆಟ್ಟಿದ್ದ ನೋಟಿಸ್ ಬೋರ್ಡು ಇದು ಎಂದರೆ ಅತಿಶಯವಲ್ಲ.

ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಸಿಕ್ಕ ಬೌದ್ಧ ಸ್ತೂಪದ ಶಿಲ್ಪಗಳನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಎಷ್ಟೋ ಶಿಲ್ಪಗಳಿಗೆ ಬ್ರಾಹ್ಮಿಯಲ್ಲಿ ಹೆಸರು ಬರೆದಿದೆ. ಅಶೋಕನ ಶಿಲ್ಪದ ಜೊತೆಗೇ ಅವನ ಹೆಸರಿದೆ. ಚಿತ್ರವೂ ಇರಲಿ, ಚೀಟಿಯೂ ಇರಲಿ ಎಂಬ ಬುದ್ಧಿ ನಮ್ಮವರಿಗೆ ಹೊಸದಲ್ಲ.

ಓದು ಬಾರದವರೂ ಓದುವ ಲಿಪಿ

ಈಗ ಸನ್ನತಿಯಿಂದ ಅದೇ ತಾಲ್ಲೂಕಿನ ವಾಡಿಗೆ ಬರೋಣ. ದೂರ ಹೆಚ್ಚಿಲ್ಲ, ಆದರೆ ಕಾಲ ಎರಡು ಸಾವಿರ ವರ್ಷ ಮುಂದೆ ಹೋಗಬೇಕು!

ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಯನ್ನು ಕೂಡಿತು. ನಿಜಾಮರ ರಾಜಧಾನಿ ಹೈದರಾಬಾದು ಮಾತ್ರ ಈ ದಾರಿಯಿಂದ ದೂರ ಉಳಿಯಿತು. ಅದಕ್ಕಾಗಿ ನಿಜಾಮರ ಹಣದಿಂದಲೇ ಸಿಕಂದರಾಬಾದಿನಿಂದ ವಾಡಿಯವರೆಗೆ ಹಳಿ ಹಾಕಿ 1874ರಲ್ಲಿ ಸಂಚಾರ ಆರಂಭಿಸಿದರು. ಚಿತ್ತಾಪುರ, ಮಳಖೇಡ, ಸೇಡಂ ಎಲ್ಲ ಈ ದಾರಿಯ ಮೇಲೆ ಬಂದವು. ರಾಷ್ಟ್ರಕೂಟರ ಮಾನ್ಯಖೇಟದ ಪಕ್ಕದಲ್ಲಿ ಉಗಿಬಂಡಿ ಕೂಗಿತು. ವಾಡಿ ಜಂಕ್ಷನ್ ಆಯಿತು, ಊರು ಬೆಳೆದಿದ್ದು ಆಮೇಲೆ.

ಆ ಕಾಲದ ರೈಲು ಕೆಲಸಗಾರರನ್ನು ಕಲ್ಪಿಸಿಕೊಳ್ಳಿ. ನಿಯಮ ಪುಸ್ತಕ ಇಂಗ್ಲಿಷಿನಲ್ಲಿ. ಸಂಸ್ಥಾನದ ಆಡಳಿತದ ಭಾಷೆ ಮುಂದೆ ಉರ್ದು ಆಯಿತು. ಹಳಿಯ ಮೇಲೆ ದುಡಿಯುವವರ ಬಾಯಲ್ಲಿ ಕನ್ನಡ, ತೆಲುಗು, ಮರಾಠಿ, ದಖನಿ. ಅವರಲ್ಲಿ ಬಹಳಷ್ಟು ಜನ ಯಾವ ಅಕ್ಷರವನ್ನೂ ಕಲಿತವರಲ್ಲ. ಇಷ್ಟು ಜನ ಕೂಡಿ ನೂರಾರು ಪ್ರಯಾಣಿಕರ ಜೀವ ಕಾಯಬೇಕು. ಹೇಗೆ?

ಉತ್ತರ ಕಂಬದ ಮೇಲಿತ್ತು. ಕನ್ನಡದಲ್ಲಿ ಅದಕ್ಕೆ 'ಕೈಮರ' ಎಂಬ ಸೊಗಸಾದ ಹೆಸರಿದೆ. ಕೈ ಅಡ್ಡವಾಗಿ ಚಾಚಿದ್ದರೆ ನಿಲ್ಲು, ಕೆಳಗೆ ಇಳಿದಿದ್ದರೆ ಹೋಗು. ರಾತ್ರಿಗೆ ಅದೇ ಕೈಗೆ ಕೆಂಪು, ಹಸಿರು ಗಾಜು, ಹಿಂದೆ ಸೀಮೆಎಣ್ಣೆ ದೀಪ. ಸಂಜೆಯಾದರೆ ದೀಪ ಹಚ್ಚಲು ಏಣಿ ಹತ್ತುವುದಕ್ಕೇ ಒಬ್ಬ ನೌಕರ. ಓದು ಬಾರದವನೂ ಓದಬಲ್ಲ ಲಿಪಿ ಇದು.

ಆದರೆ ಈ ಲಿಪಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ಸಾವುಗಳಿವೆ. ಮೊದಮೊದಲು ಇಂಗ್ಲೆಂಡಿನಲ್ಲಿ 'ಹೋಗು' ಎಂಬುದಕ್ಕೆ ಬಿಳಿ ದೀಪ ಇತ್ತು. ಕೆಂಪು ಗಾಜು ಒಡೆದುಹೋದರೆ ಒಳಗಿನ ದೀಪ ಬಿಳಿಯಾಗಿಯೇ ಕಾಣುತ್ತಿತ್ತು. ಅಂದರೆ ಅಪಾಯದ ಗುರುತು ಕೆಟ್ಟರೆ ಅದೇ ಅಭಯದ ಗುರುತಾಗುತ್ತಿತ್ತು! ಅದಕ್ಕೇ ಬಿಳಿ ಹೋಗಿ ಹಸಿರು ಬಂತು. 1876ರ ಜನವರಿಯಲ್ಲಿ ಇಂಗ್ಲೆಂಡಿನ ಅಬಟ್ಸ್ ರಿಪ್ಟನ್ ಎಂಬಲ್ಲಿ ಹಿಮ ಗಟ್ಟಿಯಾಗಿ ಕೈಮರದ ಕೈಗಳು 'ಹೋಗು' ಎಂಬ ಸ್ಥಿತಿಯಲ್ಲೇ ಸಿಕ್ಕಿಕೊಂಡವು. ರೈಲುಗಳು ಒಂದಕ್ಕೊಂದು ಗುದ್ದಿದವು, ಹತ್ತಕ್ಕೂ ಹೆಚ್ಚು ಜನ ಸತ್ತರು. ಆಗಿನಿಂದ ನಿಯಮ ತಿರುವುಮುರುವಾಯಿತು. ಕೈಯ ಸಹಜ ಸ್ಥಿತಿ 'ನಿಲ್ಲು', ರೈಲು ಬಿಡಬೇಕಾದಾಗ ಮಾತ್ರ 'ಹೋಗು'. ತಂತಿ ಹರಿದರೆ ಭಾರದ ತೂಕಕ್ಕೆ ಕೈ ತಾನೇ ಅಡ್ಡವಾಗಿ ನಿಲ್ಲಬೇಕು. ಗುರುತು ಕೆಟ್ಟರೂ ಸುರಕ್ಷಿತ ಕಡೆಗೇ ಕೆಡಬೇಕು ಎಂಬ ಈ ತತ್ವ ಇಂದಿನ ಎಲ್ಲ ಕಾರ್ಖಾನೆಗಳ ಸುರಕ್ಷತೆಯ ಬೇರು.

ಕೈಮರದ ಬುಡದಲ್ಲಿ ಇನ್ನೂ ಎಷ್ಟೋ ಗುರುತುಗಳಿದ್ದವು. ಕ್ಯಾಬಿನ್ನಿನೊಳಗೆ ಸಾಲಾಗಿ ನಿಂತ ಲಿವರುಗಳಿಗೆ ಬೇರೆ ಬೇರೆ ಬಣ್ಣ. ನಿಲ್ಲಿಸುವ ಸಿಗ್ನಲ್ಲಿಗೆ ಕೆಂಪು, ಮುನ್ಸೂಚನೆಯ ಸಿಗ್ನಲ್ಲಿಗೆ ಹಸಿರು, ಹಳಿ ಬದಲಿಸುವುದಕ್ಕೆ ಕಪ್ಪು, ಬೀಗಕ್ಕೆ ನೀಲಿ, ಉಪಯೋಗಿಸದ ಲಿವರಿಗೆ ಬಿಳಿ. ಯಾವುದಾದರೂ ಹಳಿಯ ಮೇಲೆ ಗಾಡಿ ನಿಂತಿದ್ದರೆ ಅದರ ಲಿವರಿನ ಹಿಡಿಕೆಗೆ ಒಂದು ಬಳೆ ತೊಡಿಸುತ್ತಿದ್ದರು. ಮರೆತು ಕೈ ಹಾಕಿದರೂ ಬಳೆ ತಡೆಯುತ್ತದೆ. ಮನುಷ್ಯ ಮರೆಯುತ್ತಾನೆ ಎಂದು ಒಪ್ಪಿಕೊಂಡು ಮಾಡಿದ ಏರ್ಪಾಡು ಇದು, ಬೈದು ಸರಿಪಡಿಸುವ ಏರ್ಪಾಡಲ್ಲ.

ಇನ್ನೊಂದು ನಿಮಗೂ ಗೊತ್ತಿರಬೇಕು. ರೈಲಿನ ಕೊನೆಯ ಬೋಗಿಯ ಬೆನ್ನಿಗೆ ದೊಡ್ಡ 'ಎಕ್ಸ್' ಗುರುತು, 'ಎಲ್‌ವಿ' ಎಂಬ ಸಣ್ಣ ಫಲಕ, ರಾತ್ರಿ ಕೆಂಪು ದೀಪ. ಚಿಕ್ಕಂದಿನಲ್ಲಿ ಅದನ್ನು ನೋಡಿ ಏನೇನೋ ಅರ್ಥ ಕಟ್ಟಿಕೊಂಡವರು ಬಹಳ ಮಂದಿ. ಅದು ನಿಲ್ದಾಣದವರಿಗೆ ಹೇಳುವ ಮಾತು: ಇದೇ ಕೊನೆಯ ಬೋಗಿ, ರೈಲು ಪೂರ್ತಿ ಬಂತು. ಆ ಗುರುತು ಕಾಣದಿದ್ದರೆ ಹಿಂದೆ ಎಲ್ಲೋ ಬೋಗಿಗಳು ಕಳಚಿ ಹಳಿಯ ಮೇಲೇ ಉಳಿದಿರಬಹುದು, ಆ ಹಳಿಗೆ ಮತ್ತೊಂದು ರೈಲು ಬಿಡುವ ಹಾಗಿಲ್ಲ. ಒಂದು ತಗಡಿನ ತುಂಡು ಎಷ್ಟು ಕೆಲಸ ಮಾಡುತ್ತದೆ ನೋಡಿ!

ಕಂಟ್ರೋಲ್ ಕಚೇರಿಯಲ್ಲಿ ಇದರ ಅಣ್ಣನಂಥದ್ದೊಂದು ಇತ್ತು. ದೊಡ್ಡ ಹಾಳೆಯ ಮೇಲೆ ಒಂದು ಕಡೆ ಗಂಟೆಗಳು, ಇನ್ನೊಂದು ಕಡೆ ನಿಲ್ದಾಣಗಳು. ಒಂದೊಂದು ರೈಲೂ ಒಂದೊಂದು ಓರೆ ಗೆರೆ. ವೇಗದ ರೈಲಿನ ಗೆರೆ ಕಡಿದಾಗಿ ಏರುತ್ತದೆ, ನಿಂತ ರೈಲಿನ ಗೆರೆ ಮಲಗುತ್ತದೆ. ಗೆರೆಗಳು ಎಲ್ಲಿ ಒಂದನ್ನೊಂದು ಕತ್ತರಿಸುತ್ತವೋ ಅಲ್ಲಿ ಒಂದು ರೈಲು ಇನ್ನೊಂದಕ್ಕೆ ದಾರಿ ಬಿಡಬೇಕು. 19ನೆಯ ಶತಮಾನದ ಫ್ರಾನ್ಸಿನಲ್ಲಿ ಬೆಳೆದ ಈ ನಕ್ಷೆಯನ್ನು ನಮ್ಮ ಸೆಕ್ಷನ್ ಕಂಟ್ರೋಲರುಗಳು ಪೆನ್ಸಿಲ್ಲು ಹಿಡಿದು ದಶಕಗಟ್ಟಲೆ ಬರೆದರು. ಈಗ ಕಂಪ್ಯೂಟರ್ ಪರದೆ ಬಂದಿದೆ, ಗೆರೆಗಳು ಮಾತ್ರ ಅವೇ.

ಗುರುತು ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಯ ಹಸಿರು ದೀಪ ಕಂಡಿತ್ತು, ಹಳಿ ಮಾತ್ರ ಗೂಡ್ಸ್ ಗಾಡಿ ನಿಂತಿದ್ದ ಪಕ್ಕದ ಹಳಿಗೆ ತಿರುಗಿತ್ತು. ಸಿಗ್ನಲ್ಲಿನ ತಂತಿ ಜೋಡಣೆ ಬದಲಿಸುವಾಗ ಆದ ಲೋಪ ಇದಕ್ಕೆ ಕಾರಣವೆಂದು ತನಿಖೆ ಹೇಳಿತು. 290ಕ್ಕೂ ಹೆಚ್ಚು ಜನ ಸತ್ತರು. ಚಾಲಕ ಗುರುತನ್ನು ನಂಬಿದ್ದ. ನಂಬಲೇಬೇಕು, ನಂಬದಿದ್ದರೆ ರೈಲೇ ಓಡುವುದಿಲ್ಲ. ಹಾಗಾಗಿ ಗುರುತು ಹಾಕುವವನ ಹೊಣೆ ಗುರುತು ನೋಡುವವನ ಹೊಣೆಗಿಂತ ದೊಡ್ಡದು.

ಕೈಮರದ ಇನ್ನೊಂದು ಗುಣ ನನಗೆ ಬಹಳ ಮುಖ್ಯ ಎನಿಸುತ್ತದೆ. ಅದಕ್ಕೆ ದೊಡ್ಡವರು ಸಣ್ಣವರು ಎಂಬ ಭೇದ ಇಲ್ಲ. ನಿಜಾಮರ ವಿಶೇಷ ರೈಲಾದರೂ ಕಲ್ಲು ತುಂಬಿದ ಗೂಡ್ಸ್ ಆದರೂ ಕೆಂಪಿಗೆ ನಿಲ್ಲಲೇಬೇಕು.

ಮರದ ತುಂಡು ಮತ್ತು ಎಳೆಯುವ ಹಗ್ಗ

ಕಾರ್ಖಾನೆಯೊಳಗೆ ಈ ಬಣ್ಣದ ಭಾಷೆ ಹೇಗೆ ಬಂತು? ಇಲ್ಲಿ ಎರಡು ಕಥೆ ಹೇಳಬೇಕು.

ಮೊದಲನೆಯದು ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಹತ್ತಿ ಗಿರಣಿಯದು. 1800ರಲ್ಲಿ ಅದರ ಆಡಳಿತ ವಹಿಸಿಕೊಂಡ ರಾಬರ್ಟ್ ಓವನ್ ಪ್ರತಿ ಕೆಲಸಗಾರರ ಹತ್ತಿರ ನಾಲ್ಕು ಬದಿಯ ಒಂದು ಮರದ ತುಂಡು ತೂಗುಹಾಕಿಸಿದ. ಕಪ್ಪು ಅಂದರೆ ಕೆಟ್ಟದು, ನೀಲಿ ಅಂದರೆ ಅಷ್ಟಕ್ಕಷ್ಟೆ, ಹಳದಿ ಅಂದರೆ ಒಳ್ಳೆಯದು, ಬಿಳಿ ಅಂದರೆ ಬಹಳ ಒಳ್ಳೆಯದು. ನಿನ್ನೆಯ ನಡತೆಗೆ ತಕ್ಕ ಬಣ್ಣ ಇಂದು ಎದುರಿಗೆ. ಇದಕ್ಕೆ 'ಮೌನ ಮೇಲ್ವಿಚಾರಕ' ಎಂದು ಹೆಸರು. ಹೊಡೆತ, ಬೈಗುಳ ಸಾಮಾನ್ಯವಾಗಿದ್ದ ಕಾಲದಲ್ಲಿ ಬಣ್ಣದಿಂದ ಕೆಲಸ ತೆಗೆಯುವುದು ದೊಡ್ಡ ಸುಧಾರಣೆಯೇ. ಬಣ್ಣ ಸರಿಯಲ್ಲ ಎನಿಸಿದರೆ ಓವನ್‌ಗೆ ದೂರು ಕೊಡಲು ಅವಕಾಶವೂ ಇತ್ತು. ಆದರೂ ಆ ಮರದ ತುಂಡು ಮುಖ ಮಾಡಿದ್ದು ಕೆಲಸಗಾರನ ಕಡೆಗೆ ಅಲ್ಲ, ಧಣಿಯ ಕಡೆಗೆ. ಯಂತ್ರ ಹಾಳಾಗಿತ್ತೇ, ಹತ್ತಿ ಕಳಪೆಯಾಗಿತ್ತೇ ಎಂದು ಅದು ಹೇಳುತ್ತಿರಲಿಲ್ಲ.

ಎರಡನೆಯದು ಜಪಾನಿನದು. ಸಕಿಚಿ ಟೊಯೋಡಾ ಮಾಡಿದ ಮಗ್ಗ ನೂಲು ಹರಿದರೆ ತಾನೇ ನಿಲ್ಲುತ್ತಿತ್ತು. ಅದೇ ಬುದ್ಧಿಯನ್ನು ಟೊಯೋಟಾ ಮೋಟಾರು ಕಾರ್ಖಾನೆಯಲ್ಲಿ ತಾಯಿಚಿ ಓನೊ ಮುಂದುವರಿಸಿದರು. 1953ರ ಹೊತ್ತಿಗೆ 'ಕಾನ್‌ಬಾನ್' ಎಂಬ ಚೀಟಿ ಪದ್ಧತಿ ಬಂತು. ಮುಂದಿನ ಕೆಲಸದವನು ಚೀಟಿ ಕಳಿಸಿದರೆ ಮಾತ್ರ ಹಿಂದಿನವನು ಬಿಡಿಭಾಗ ಮಾಡಬೇಕು. ಅಮೆರಿಕದ ಸೂಪರ್‌ಮಾರ್ಕೆಟ್ಟುಗಳಲ್ಲಿ ಗಿರಾಕಿ ಒಯ್ದಷ್ಟೇ ಮಾಲು ಮತ್ತೆ ತುಂಬುವ ರೀತಿಯೇ ಇದಕ್ಕೆ ಪ್ರೇರಣೆ. ಇನ್ನೊಂದು 'ಆಂಡಾನ್'. ಆಂಡಾನ್ ಎಂದರೆ ಅವರ ಭಾಷೆಯಲ್ಲಿ ಕಾಗದದ ಲಾಂದ್ರ. ಸಾಲಿನಲ್ಲಿ ದುಡಿಯುವ ಯಾರೇ ಆಗಲಿ ತೊಂದರೆ ಕಂಡರೆ ಹಗ್ಗ ಎಳೆಯಬಹುದು. ಮೇಲಿನ ಫಲಕದಲ್ಲಿ ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ, ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಟೊಯೋಟಾ ನಮ್ಮ ಬಿಡದಿಗೆ ಬಂದು 1999ರ ಕೊನೆಗೆ ವಾಹನ ತಯಾರಿಸಲು ಶುರು ಮಾಡಿದಾಗ ಈ ಪದಗಳು ಕರ್ನಾಟಕದ ಕಾರ್ಮಿಕರ ಬಾಯಿಗೂ ಬಂದವು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಬಣ್ಣ, ಎರಡೂ ನೋಟ. ಓವನ್‌ನ ಮರದ ತುಂಡಿನಲ್ಲಿ ಮೇಲಿನವನು ಕೆಳಗಿನವನ ಮೇಲೆ ಕಣ್ಣಿಟ್ಟಿದ್ದಾನೆ. ಆಂಡಾನ್ ದೀಪದಲ್ಲಿ ಕೆಳಗಿನವನು ಮೇಲಿನವನನ್ನು ಕರೆಯುತ್ತಿದ್ದಾನೆ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ.

ಶಹಾಬಾದಿನಿಂದ ಸೇಡಮ್ಮಿನವರೆಗೆ ಸಿಮೆಂಟು

ಶಹಾಬಾದಿನ ಸಿಮೆಂಟ್ ಕಾರ್ಖಾನೆ 1920ರ ದಶಕದ್ದು, ನಿಜಾಮರ ಕಾಲದ್ದು. 1936ರಲ್ಲಿ ದೇಶದ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದೂ ಅದರೊಳಗಿತ್ತು. 1968ರಲ್ಲಿ ವಾಡಿಯಲ್ಲಿ ಎಸಿಸಿಯ ಕಾರ್ಖಾನೆ ಬಂತು, 2001ರಲ್ಲಿ ಅಲ್ಲೇ ವರ್ಷಕ್ಕೆ 26 ಲಕ್ಷ ಟನ್ ಸಾಮರ್ಥ್ಯದ ಹೊಸ ಘಟಕ. 1980ರ ದಶಕದಲ್ಲಿ ಮಳಖೇಡದಲ್ಲಿ ರಾಜಶ್ರೀ, ಸೇಡಮ್ಮಿನಲ್ಲಿ ವಾಸವದತ್ತಾ. ಆಮೇಲೆ ಚಿಂಚೋಳಿ ತಾಲ್ಲೂಕಿಗೂ ಸಿಮೆಂಟ್ ಬಂತು. ಮಾಲೀಕರು ಬದಲಾಗುತ್ತಲೇ ಇದ್ದಾರೆ. 2022ರಲ್ಲಿ ಎಸಿಸಿ ಅದಾನಿಯವರದಾಯಿತು, 2025ರಲ್ಲಿ ವಾಸವದತ್ತಾ ಅಲ್ಟ್ರಾಟೆಕ್ ಪಾಲಾಯಿತು. ಕೆಳಗಿರುವ ಸುಣ್ಣಕಲ್ಲು ಮಾತ್ರ ಅದೇ.

ಸಿಮೆಂಟ್ ಮಾಡುವುದರಲ್ಲಿ ಕಣ್ಣಿನ ಕೆಲಸ ದೊಡ್ಡದು. ಸುಣ್ಣಕಲ್ಲಿನ ಪುಡಿ ಉದ್ದನೆಯ ತಿರುಗುವ ಗೂಡಿನಲ್ಲಿ, ಅಂದರೆ ಕಿಲ್ನಿನಲ್ಲಿ, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬೆಂದು ಗಟ್ಟಿಯಾಗಿ ಕ್ಲಿಂಕರ್ ಆಗುತ್ತದೆ. ಹಳೆಯ ಕಾಲದಲ್ಲಿ ಕಿಲ್ನಿನ ಬಾಯಿಯ ಹತ್ತಿರ ನಿಂತ ಬರ್ನರ್ ನೀಲಿ ಗಾಜು ಹಿಡಿದು ಒಳಗಿನ ಬೆಂಕಿ ನೋಡುತ್ತಿದ್ದ. ಜ್ವಾಲೆಯ ಬಣ್ಣ, ಉರುಳುವ ಕ್ಲಿಂಕರಿನ ರೀತಿ ನೋಡಿಯೇ ಕಲ್ಲಿದ್ದಲು ಹೆಚ್ಚಿಸಬೇಕೋ ತಗ್ಗಿಸಬೇಕೋ ಹೇಳುತ್ತಿದ್ದ. ಆ ವಿದ್ಯೆ ಅವನ ಕಣ್ಣಿನಲ್ಲಿತ್ತು, ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅವನು ರಜೆ ಹಾಕಿದರೆ ವಿದ್ಯೆಯೂ ರಜೆ! ಮುಂದೆ ಕಂಟ್ರೋಲ್ ರೂಮು ಬಂತು, ಇಡೀ ಕಾರ್ಖಾನೆಯ ಚಿತ್ರ ಬರೆದ ಫಲಕದ ಮೇಲೆ ಒಂದೊಂದು ಯಂತ್ರಕ್ಕೆ ಒಂದೊಂದು ದೀಪ ಬಂತು, ಆಮೇಲೆ ಕಂಪ್ಯೂಟರ್ ಪರದೆ. ಒಬ್ಬನ ಕಣ್ಣಿನಲ್ಲಿದ್ದದ್ದು ಎಲ್ಲರಿಗೂ ಕಾಣುವಂತಾಯಿತು. ಒಳ್ಳೆಯದೇ ಆಯಿತು. ಆದರೆ ಬರ್ನರನ ಹೆಸರಿಗಿದ್ದ ಮರ್ಯಾದೆಯೂ ಆ ಜೊತೆಗೆ ಕರಗಿತು ಎಂಬುದನ್ನು ಮರೆಯಬಾರದು.

ಕೊಳವೆಗಳಿಗೂ ಬಣ್ಣದ ಭಾಷೆ ಇದೆ. ಭಾರತೀಯ ಮಾನಕ 2379ರ ಪ್ರಕಾರ ನೀರಿನ ಕೊಳವೆಗೆ ಸಮುದ್ರ ಹಸಿರು, ಗಾಳಿಗೆ ಆಕಾಶ ನೀಲಿ, ಹಬೆಗೆ ಬೆಳ್ಳಿ ಬೂದು, ಎಣ್ಣೆಗೆ ತಿಳಿ ಕಂದು, ಅನಿಲಕ್ಕೆ ಹಳದಿ, ಆಮ್ಲಕ್ಕೆ ಕಡು ನೇರಳೆ. ಹೊಸದಾಗಿ ಬಂದ ಗುತ್ತಿಗೆ ಕಾರ್ಮಿಕ ಬಿಹಾರದವನಾಗಲಿ, ಚಿತ್ತಾಪುರದ ತಾಂಡಾದವನಾಗಲಿ, ಇಷ್ಟು ಬಣ್ಣ ಕಲಿತರೆ ಎಲ್ಲಿ ಕೈ ಇಡಬಾರದು ಎಂಬುದು ತಿಳಿಯುತ್ತದೆ. ಅವನಿಗೆ ಅದನ್ನು ಕಲಿಸುವಷ್ಟು ಸಮಯ ಕೊಟ್ಟರೆ ಮಾತ್ರ!

ಕಾನೂನೂ ಇದನ್ನು ಬಲ್ಲದು. 1948ರ ಕಾರ್ಖಾನೆ ಕಾಯ್ದೆ ಕೆಲಸದ ವೇಳೆಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಲೇಬೇಕು ಎಂದಿತು. ಕಾಯ್ದೆಯ ಸಾರಾಂಶ ಮುಖ್ಯ ಬಾಗಿಲ ಹತ್ತಿರ ಇರಬೇಕು, ಇಂಗ್ಲಿಷಿನಲ್ಲಷ್ಟೇ ಅಲ್ಲ, ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎಂದಿತು. ಭೋಪಾಲದ ದುರಂತದ ನಂತರ 1987ರಲ್ಲಿ ತಿದ್ದುಪಡಿ ಬಂದು, ಅಪಾಯಕಾರಿ ಕೆಲಸಗಳಲ್ಲಿ ಸನ್ನಿಹಿತ ಅಪಾಯ ಕಂಡ ಕಾರ್ಮಿಕ ಅದನ್ನು ಎತ್ತಿ ಹೇಳುವ ಹಕ್ಕನ್ನೂ ಬರೆಯಿತು. ಆಂಡಾನ್ ಹಗ್ಗವನ್ನು ಕಾನೂನಿನ ಭಾಷೆಯಲ್ಲಿ ಬರೆದ ಹಾಗೆ! 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ವೃತ್ತಿ ಸುರಕ್ಷತಾ ಸಂಹಿತೆ ಬಂದಿದೆ. ಕಾಯ್ದೆಯ ಹೆಸರು ಬದಲಾದರೂ ಬಾಗಿಲ ಬಳಿ ನಿಂತು ಓದುವವನ ಭಾಷೆ ಬದಲಾಗಿಲ್ಲ ಎಂಬುದು ನೆನಪಿದ್ದರೆ ಸಾಕು.

ಕಾರ್ಖಾನೆಯ ಗೇಟಿನಲ್ಲಿ 'ಅಪಘಾತವಿಲ್ಲದ ದಿನಗಳು' ಎಂಬ ಸಂಖ್ಯೆಯ ಫಲಕ ನೋಡಿರುತ್ತೀರಿ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಅದಕ್ಕೆ ಹೂವಿನ ಹಾರವೂ ಬೀಳುತ್ತದೆ. ಉದ್ದೇಶ ಒಳ್ಳೆಯದು. ಆದರೆ ಆ ಸಂಖ್ಯೆ ಸೊನ್ನೆಗೆ ಇಳಿಯದಂತೆ ನೋಡಿಕೊಳ್ಳುವುದೇ ಗುರಿಯಾದರೆ ಬೆರಳು ಜಜ್ಜಿಕೊಂಡವನು ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಸಣ್ಣ ಗಾಯಗಳು ಲೆಕ್ಕಕ್ಕೆ ಬರದಿದ್ದರೆ ದೊಡ್ಡ ಗಾಯ ಮುನ್ಸೂಚನೆಯಿಲ್ಲದೆ ಬರುತ್ತದೆ. ಕೆಂಪು ಗಾಜು ಒಡೆದು ಬಿಳಿ ದೀಪ ಕಂಡ ಹಳೆಯ ಕಥೆಯೇ ಇದು, ಕಾರ್ಖಾನೆಯ ಬಾಗಿಲಲ್ಲಿ.

ಫಲಕವಿಲ್ಲದ ಖಣಿ

ಇಷ್ಟೆಲ್ಲ ಬಣ್ಣದಿಂದ ಹೊರಗೆ ಬಂದು ಶಹಾಬಾದಿನ ಕಲ್ಲಿನ ಖಣಿಗಳ ಕಡೆ ನೋಡಿ. ದೇಶದ ತುಂಬ ಎಷ್ಟೋ ಮನೆಗಳ, ರೈಲು ನಿಲ್ದಾಣಗಳ ನೆಲಕ್ಕೆ ಹಾಸಿರುವುದು ಈ 'ಶಹಾಬಾದಿ ಫರಸಿ'. ಪದರ ಪದರವಾಗಿ ಕೂತ ಸುಣ್ಣಕಲ್ಲು. ಎಲ್ಲಿ ಉಳಿ ಇಟ್ಟರೆ ಹಾಳೆಯ ಹಾಗೆ ಏಳುತ್ತದೆ ಎಂಬುದನ್ನು ಕಲ್ಲಿನ ಗೆರೆಯೇ ತೋರಿಸುತ್ತದೆ. ಅನುಭವಿಯ ಕಣ್ಣಿಗೆ ಅದು ದೊಡ್ಡ ಅಕ್ಷರದ ಫಲಕವಿದ್ದ ಹಾಗೆ. ಎಬ್ಬಿಸಿದ ಕಲ್ಲನ್ನು ಅಳತೆಗೆ ತಕ್ಕಂತೆ ಒಟ್ಟಿದರೆ ದೂರದಿಂದಲೇ ಲೆಕ್ಕ ಗೊತ್ತಾಗುತ್ತದೆ. ನೋಡಿ ತಿಳಿಯುವ ವಿದ್ಯೆ ಇಲ್ಲಿ ಬೇಕಾದಷ್ಟಿದೆ, ಯಾರೂ ಅದಕ್ಕೆ ತರಬೇತಿ ಕೊಟ್ಟಿಲ್ಲ.

ಇಲ್ಲದಿರುವುದು ಇನ್ನೊಂದು ಬಗೆಯ ಗುರುತು. ದೊಡ್ಡ ಗಣಿಗಳಲ್ಲಿ ಸಿಡಿಮದ್ದು ಹಾರಿಸುವ ಮೊದಲು ಕೆಂಪು ಬಾವುಟ, ಸೈರನ್ ಇರುತ್ತವೆ. ಸಣ್ಣ ಖಣಿಯಲ್ಲಿ, ಪಾಲಿಶ್ ಯಂತ್ರಗಳ ಷೆಡ್ಡಿನಲ್ಲಿ, ಇಂದಿನ ಕೂಲಿ ಎಷ್ಟು, ಕೆಲಸ ಎಷ್ಟು ಹೊತ್ತಿನವರೆಗೆ, ನೆರಳು ಎಲ್ಲಿ, ಗಾಯವಾದರೆ ಯಾರಿಗೆ ಹೇಳಬೇಕು ಎಂಬುದು ಸಾಮಾನ್ಯವಾಗಿ ಮುಕಾದಮನ ಬಾಯಿಮಾತಿನಲ್ಲಿರುತ್ತದೆ. ಬಾಯಿಮಾತು ಸಂಜೆಗೆ ಬದಲಾಗಬಹುದು, ಗೋಡೆಯ ಮೇಲೆ ಬರೆದದ್ದು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಒಂದು ಕರಿಹಲಗೆ, ಒಂದು ಬಳಪ. ಇಷ್ಟಕ್ಕೆ ಜಪಾನಿನಿಂದ ತಜ್ಞರು ಬರಬೇಕಿಲ್ಲ. ದುಬಾರಿ ಎಂದು ಯಾರೂ ಇದನ್ನು ಬಿಟ್ಟಿಲ್ಲ. ಬರೆದರೆ ಅದಕ್ಕೆ ಬದ್ಧರಾಗಿರಬೇಕಾಗುತ್ತದೆ, ಅದಕ್ಕೇ ಬರೆಯುವುದಿಲ್ಲ.

ಚಿಂಚೋಳಿಯ ಗೋಡೆ ಬರಹ

ಚಿಂಚೋಳಿ ಕಾಡು, ಕೆರೆ, ಒಣ ಬೇಸಾಯದ ತಾಲ್ಲೂಕು. ಬೇಸಿಗೆಯಲ್ಲಿ ಗುಳೆ ಹೋಗುವವರ ನಾಡು. ಇಲ್ಲಿನ ಬಹಳ ಜನರಿಗೆ 'ಕೆಲಸದ ಜಾಗ' ಎಂದರೆ ಕಾರ್ಖಾನೆಯಲ್ಲ, ಕೆರೆ ಹೂಳೆತ್ತುವ ಬಯಲು. ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿಯಲ್ಲಿ ಶುರುವಾದಾಗ ಕರ್ನಾಟಕದ ಮೊದಲ ಐದು ಜಿಲ್ಲೆಗಳಲ್ಲಿ ಆಗಿನ ಗುಲ್ಬರ್ಗಾವೂ ಒಂದು. ಆ ಯೋಜನೆ ಹಳ್ಳಿಗಳಿಗೆ ತಂದ ಹೊಸ ಸಂಗತಿ ಕೂಲಿಯಷ್ಟೇ ಅಲ್ಲ, ಫಲಕವೂ ಹೌದು. ಕಾಮಗಾರಿಯ ಹೆಸರು, ಮಂಜೂರಾದ ಹಣ, ಕೂಲಿ ದರ ಎಲ್ಲ ಕೆಲಸದ ಜಾಗದಲ್ಲೇ ಬರೆದಿರಬೇಕು ಎಂದಾಯಿತು. ಎಷ್ಟೋ ಕಡೆ ಫಲಕ ಕೆಲಸ ಮುಗಿದ ಮೇಲೆ ಬಂತು, ಫೋಟೋ ತೆಗೆಸಿಕೊಳ್ಳಲು. ಆದರೆ ಸರಿಯಾದ ಹೊತ್ತಿಗೆ ಬಂದ ಕಡೆ, ಓದು ಬಲ್ಲ ಒಬ್ಬ ಹುಡುಗಿ ತನ್ನ ಅವ್ವನಿಗೆ ಆ ಅಂಕಿ ಓದಿ ಹೇಳಿದರೆ ಸಾಕಿತ್ತು. ಆಮೇಲೆ ಕೈಗೆ ಬಂದ ಕೂಲಿ ಕಡಿಮೆಯಾದರೆ ಅವ್ವ ಕೇಳದೆ ಬಿಡುವಳೇ? ಸನ್ನತಿಯ ಕಲ್ಲನ್ನು ಓದಿ ಕೇಳಿಸಿದ ಹಾಗೆಯೇ ಇದು.

2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಯಾದ ಸಕಾಲ ಯೋಜನೆಯೂ ಇದೇ ಸಾಲಿನದು. ಯಾವ ಸೇವೆಗೆ ಎಷ್ಟು ದಿನ, ಯಾರು ಹೊಣೆ, ತಡವಾದರೆ ಯಾರ ಬಳಿ ಹೋಗಬೇಕು ಎಂಬ ಪಟ್ಟಿ ಸರ್ಕಾರಿ ಕಚೇರಿಯ ಗೋಡೆಗೆ ಬಂತು. ಸೇಡಂ, ಚಿಂಚೋಳಿ, ಚಿತ್ತಾಪುರದ ತಾಲ್ಲೂಕು ಕಚೇರಿಗೆ ಬಂದ ರೈತ 'ನಾಳೆ ಬಾ' ಎಂಬ ಮಾತಿಗೆ ಎದುರಾಗಿ ಬೆರಳಿಟ್ಟು ತೋರಿಸಲು ಒಂದು ಗೋಡೆ ಸಿಕ್ಕಿತು. ಅಂಥ ಪಟ್ಟಿಯನ್ನು ಬೀರುವಿನ ಹಿಂದೆ ತೂಗುಹಾಕಿದರೆ ಅದರ ಅರ್ಥ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ

ಇಷ್ಟು ಸುತ್ತಾಡಿದ ಮೇಲೆ ನನಗೆ ತೋಚಿದ್ದನ್ನು ಹೇಳುತ್ತೇನೆ. ನಿಮ್ಮ ಕಾರ್ಖಾನೆ, ಕಚೇರಿ, ಅಂಗಡಿ, ಶಾಲೆ ಯಾವುದೇ ಇರಲಿ, ಅಲ್ಲಿ ಒಂದು ಫಲಕ ಕಂಡರೆ ಮೂರು ಪ್ರಶ್ನೆ ಕೇಳಿ.

ಒಂದು, ಅದು ನಿಜ ಹೇಳುತ್ತಿದೆಯೇ? ಕೆಟ್ಟಾಗ 'ನಿಲ್ಲು' ಎನ್ನುತ್ತದೋ 'ಹೋಗು' ಎನ್ನುತ್ತದೋ?

ಎರಡು, ಅದನ್ನು ನೋಡಬೇಕಾದವನಿಗೆ ಅದು ಅರ್ಥವಾಗುತ್ತದೆಯೇ? ಕನ್ನಡದ ನೆಲದಲ್ಲಿ, ಕನ್ನಡದ ಕಾರ್ಮಿಕನಿಗೆ, ಬರೀ ಇಂಗ್ಲಿಷಿನ ಅಪಾಯ ಸೂಚನೆ ಎಂಥ ಸೂಚನೆ? ಹೊರಗಿನಿಂದ ಬಂದ ಕಾರ್ಮಿಕನಿಗೆ ಅವನ ಭಾಷೆಯಲ್ಲಿ ಇಲ್ಲದಿದ್ದರೂ ಅದೇ ಪ್ರಶ್ನೆ.

ಮೂರು, ಅದನ್ನು ನೋಡಿದವನು ಏನಾದರೂ ಮಾಡಬಲ್ಲನೇ? ಹಗ್ಗ ಎಳೆಯಬಲ್ಲನೇ, ಪ್ರಶ್ನೆ ಕೇಳಬಲ್ಲನೇ, ಕೆಲಸ ನಿಲ್ಲಿಸಬಲ್ಲನೇ? ನಿಲ್ಲಿಸಿದ್ದಕ್ಕೆ ಬೈಗುಳ ಸಿಗುವುದಾದರೆ ಆ ದೀಪ ಅಲಂಕಾರಕ್ಕೆ ಮಾತ್ರ.

ಈ ಮೂರಕ್ಕೂ ಹೌದು ಎನ್ನುವ ಫಲಕ ಕೆಲಸವನ್ನು ಖಂಡಿತ ಸುಧಾರಿಸುತ್ತದೆ. ಸಮಯ ಉಳಿಯುತ್ತದೆ, ಮಾಲು ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಇಲ್ಲ ಎನ್ನುವ ಫಲಕಕ್ಕೆ ಎಷ್ಟು ಬಣ್ಣ ಬಳಿದರೂ ಅದು ಹೊರಗಿನಿಂದ ಬರುವ ಸಾಹೇಬರು ನೋಡಿ ತಲೆದೂಗಲು ಇರುವುದಷ್ಟೇ.

ಮುಂದಿನ ಸಲ ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತಾಗ ಹೊರಗೆ ಇಣುಕಿ ನೋಡಿ. ಈಗ ಕೈಮರದ ಬದಲು ಬಣ್ಣದ ದೀಪಗಳಿವೆ. ಆದರೂ ಆ ಕೆಂಪು ದೀಪ ಒಂದೂವರೆ ಶತಮಾನದಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತ ಬಂದಿದೆ. ನಮ್ಮ ಉಳಿದ ಫಲಕಗಳು ಅಷ್ಟು ಕಲಿತರೆ ಸಾಕು.